ಸೊನ್ನಿ ತೋರಿಸ್ರಿ

ರಾತ್ರಿ ಹತ್ತರ ಮ್ಯಾಲೆ ಹನಿ ನೀರೂ ಬ್ಯಾಡಂತ ಹೇಳಿ
ನರ್ಸಬಾಯಿ ತಂಬಿಗಿ ಎತ್ತಿಕೊಂಡು ಹೋಗ್ಯಾಳ.
ಬೆಳಗಾವಿ ದವಾಖಾನಿ, ಮೂರನೇ ಮಾಳಿಗಿ.
ಕಿಡಕ್ಯಾಗ ಕ್ಯಾಂಪಿನ ಗಿಡಗೋಳು, ಕರ್ರಗ,
ನನ್ನಂಗ ನಿದ್ದಿ ಇಲ್ಲದಾವು.

ಕಾಲದೆಸಿಗೆ ನಾ ಸಹಿ ಮಾಡಿದ ಕಾಗದ.
ಸೋರಿಕಿ ಆಗಬಹುದು. ರಕ್ತ ಹೋಗಬಹುದು.
ಕಾಲಾಗ ಹೆಪ್ಪುಗಟ್ಟಿದ್ದು ಎದಿಗೆ ಏರಬಹುದು.
ಬಹುದು, ಬಹುದು, ಬಹುದು.
ಇಡೀ ಪುಟದಾಗ ಒಂದರ 'ಆಗೂದಿಲ್ಲ' ಅನ್ನೂ ಮಾತಿಲ್ಲ.
ಕೆಳಗ ನನ್ನ ಹೆಸರು: ಮಹಾನಂದಾ ಬಿಸನಾಳ.
ಹದಿನೇಳು ಹಂಗಾಮು ಕಬ್ಬಿನ ಪಾವತಿಗೆ ಹಾಕಿದ ಸಹೀನ,
ಇವತ್ತ ಯಾಕೋ ಬಾಲ ನಡುಗೇತಿ.

ಮುಧೋಳ ಕಡೆ ಸಕ್ರಿ ಕಾರ್ಖಾನ್ಯಾಗ ಕಾಟಾದಾಕಿ ನಾನು.
ತುಂಬಿದ ಗಾಡಿ ತೂಗೂದು, ಖಾಲಿ ಗಾಡಿ ತೂಗೂದು,
ನಡುವಿಂದು ರೈತರ ಪಾಲು.
ಯಾರೂ ನನ್ನ ನಂಬಿದವರಲ್ಲ. ಗಾಡಿ ಏರಿಸೂ ಮೊದಲ
ಟಾವೆಲ್ ಹೆಗಲಿಗೆ ಒಗದು ಕೇಳತಾರ:
"ಅಕ್ಕಾರ, ಸೊನ್ನಿ ತೋರಿಸ್ರಿ."
ತೋರಿಸತೇನಿ. ಕೆಂಪು ಸೊನ್ನಿ, ಕಣ್ಣ ತೆರದಂಗ.
ಆಮ್ಯಾಲೇ ಗಾಡಿ.

ಒಂದ ರಾತ್ರಿ ಯಾರೂ ಇಲ್ಲದಾಗ ನಾನ ಏರಿದೆ.
ಟನ್ನಿನ ಕಾಟಾ, ಅದಕ್ಕ ಹತ್ತು ಕಿಲೋದ ಕೆಳಗಿನ ಲೆಕ್ಕ ಗೊತ್ತಿಲ್ಲ.
ನೂರಾ ಮೂವತ್ತು, ಅಂತು.
ಡ್ರೈವರ್ ಒಬ್ಬಾವ ಕತ್ತಲದಾಗ ಬೀಡಿ ಸೇದಕೋತ ನಿಂತಿದ್ದ.
ನಗಲಿಲ್ಲ. ನಕ್ಕಿದ್ರ ಚೊಲೋ ಇತ್ತು.

ಡಾಕ್ಟರು ಬಾಳಿಹಣ್ಣಿನ ಚಿತ್ರ ತಗದು ತೋರಿಸಿದ್ರು:
ಇಷ್ಟು ಹೊಟ್ಟಿ ಉಳಿಸ್ತೀವಿ, ಉಳಿದದ್ದು ಹೊರಗ.
ನಾ ಕೇಳಿದೆ, ಕಿವಿಗೆ ರೂಢಿ ಆದ ಮಾತು:
"ಸೊನ್ನಿ ತೋರಿಸ್ರಿ ಸರ."
ಅವರಿಗೆ ತಿಳೀಲಿಲ್ಲ. ತಿಳಿಸಿ ಹೇಳಿದೆ.
ಪೆನ್ನಿನ ಟೊಪಗಿ ಹಾಕಿ, ತಗದು, ಮತ್ತ ಹಾಕಿ
ಅಂದ್ರು: "ಇದರಾಗ ಸೊನ್ನಿ ಇಲ್ಲರಿ ಅಕ್ಕಾರ.
ಸಾವಿರಕ್ಕ ಒಂದು ಅಂತ ಇಟ್ಕೋರಿ.
ಹಿಂಗ ಬಿಟ್ರೂ ಸೊನ್ನಿ ಇಲ್ಲ,
ನಿಮ್ಮ ಸಕ್ರಿ, ನಿಮ್ಮ ಉಸರು, ನಿಮ್ಮ ಮೊಣಕಾಲು..."
ಸುಳ್ಳು ಸೊನ್ನಿ ತೋರಿಸಲಿಲ್ಲ ಮನಶಾ.
ಅಲ್ಲೇ ಸಹಿ ಮಾಡಿದೆ.

ಸಾವಿರ.
ಹಂಗಾಮಿನ್ಯಾಗ ನಾ ಎರಡು ದಿನಕ್ಕ ಸಾವಿರ ಗಾಡಿ ತೂಗತೇನಿ.
ಆ ಒಂದು ಯಾವುದಂತ ನಂಗ ಗೊತ್ತೈತಿ:
ಲೋಕಾಪುರದ ಕಡೆ ತಿರುವಿನ್ಯಾಗ ಮಗ್ಗಲಾದದ್ದು,
ಹಸರು ಟ್ರ್ಯಾಕ್ಟರ್, ಕನ್ನಡಿಗೆ ಗೊಂಡೆ ಕಟ್ಟಿದ್ದು,
ಓಡಸಾವ ಯಮನಪ್ಪ, ಇಪ್ಪತ್ತಾರು ವರ್ಷದಾವ.
ಅವತ್ತಿನ ಪುಸ್ತಕದಾಗ ಅವನ ಮುಂಜಾನೆ ಖೇಪಿನ ಸಾಲು ಐತಿ,
ಸಂಜಿಮುಂದಿಂದು ಇಲ್ಲ.
ಎರಡು ತಿಂಗಳಾತು, ಕಣ್ಣು ಮುಚ್ಚಿದ್ರ ಅದ ಗಾಡಿ.

ಮಗ್ಗಲ ಹಾಸಿಗ್ಯಾಗ ಶೇವಂತಾ ಮಾವಶಿ, ಶಹಾಪುರದಾಕಿ,
ಕೊಯ್ಸಿಕೊಂಡು ಮೂರು ದಿನ.
ಬಾಟಲಿ ಮುಚ್ಚಳಿಕ್ಯಾಗ ನೀರು ಕುಡಕೋತ
ಪಡಸಾಲ್ಯಾಗ ಗೋಡಿ ಹಿಡಕೊಂಡು ಓಡ್ಯಾಡತಾಳ.
"ಹೊಟ್ಟಿ ಮುಕ್ಕಾಲು ತಗದ್ರು, ಅಂಜಿಕಿ ತಗೀಲಿಲ್ಲ ಬಾಯೀ.
ಇಲ್ಲೇ ಐತಿ. ಖರೇ, ಅದಕ್ಕೂ ಈಗ
ಮುಚ್ಚಳಿಕಿ ತುಂಬ ಅಷ್ಟ ಕೊಡತೇನಿ."
ನಕ್ಕಳು. ನಕ್ಕು ಹೊಲಿಗಿ ಜಗ್ಗಿ, ಅಯ್ಯೋ ಅಂದಳು.

ಅಕಿ ಮಲಗಿದ ಮ್ಯಾಲೆ ಉಳಿದವರನ್ನ ನೆನಸಾಕ ಹತ್ತೇನಿ,
ಒಂಬೈನೂರಾ ತೊಂಬತ್ತೊಂಬತ್ತು,
ಯಾರೂ ನೆನಪಿಡದಂಥಾವರು.
ಶೇಂಗಾ ಸುಲಕೋತ ಪಾಳಿ ಕಾದಾವ.
ಟೇಪಿನ ಸಪ್ಪಳಕ್ಕ ನನ್ನ ಕೂಡ ಬೈಸಿಕೊಂಡಾವ.
ಇಬ್ಬರ ನಡುವ ಒಂದ ಸ್ವೆಟರ್ ಇದ್ದ ಅಣ್ಣತಮ್ಮರು.
ತೂಗಿಸಿ, ಸುರುವಿ, ಮತ್ತ ಕಾಟಾದ ಮ್ಯಾಲೆ ಬಂದು ನಿಂತು
ಖಾಲಿ ಟ್ರೇಲರ್ ದಡಬಡ ಅನಿಸಿಕೋತ
ಊಟಕ್ಕ ಊರಿಗೆ ಹೋದಾವರು.
ಎಪ್ಪತ್ತರ ತನಕ ಬಂದಿದ್ದೆ, ಎಲ್ಲೋ ಲೆಕ್ಕ ತಪ್ಪಿತು.
ಮತ್ತ ಒಂದರಿಂದ.
ಯಮನಪ್ಪನ್ನೂ ಬಿಡೂದಿಲ್ಲ.
ಅವನ ಮುಂಜಾನೆ ಖೇಪು ಇವರಾಗ ಎಣಿಸೇನಿ.

ಐದಕ್ಕ ನರ್ಸಬಾಯಿ ತೂಕದ ಮಶಿನ್ ದೂಡಿಕೊಂಡು ಬರತಾಳ.
"ಏರ್ರಿ" ಅಂತಾಳ.
ನಿಂದ್ರ ತಂಗಿ, ಮೊದಲ ಸೊನ್ನಿ ತೋರಿಸು.
ಬಗ್ಗಿ, ಗುಂಡಿ ಒತ್ತಿ, ತೋರಿಸತಾಳ.
ನಾ ಚಪ್ಪಲ್ ಬಿಡತೇನಿ.